ಒಂದು ಗಂಟೆಯ ದೂರ ಯಾರಿಗೆ?

ಮಂಗಳೂರಿಗೂ ಬೆಂಗಳೂರಿಗೂ ಎಷ್ಟು ದೂರ ಎಂದು ಕೇಳಿದರೆ ಇಂದು ಎರಡು ಸಿದ್ಧ ಉತ್ತರಗಳು ದೊರೆಯುತ್ತವೆ. ಬಜ್ಪೆಯ ವಿಮಾನ ನಿಲ್ದಾಣದಿಂದ ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ನೇರ ದೂರ ಸುಮಾರು 306 ಕಿಲೋಮೀಟರ್ ಎಂಬುದು ಒಂದು. ಹಾರಾಟದ ಅವಧಿ ಒಂದು ಗಂಟೆ, ಹೆಚ್ಚೆಂದರೆ ಅದರ ಮೇಲೆ ಐದು ಹತ್ತು ನಿಮಿಷ ಎಂಬುದು ಇನ್ನೊಂದು. ಈ ಎರಡು ಅಂಕಿಗಳನ್ನು ಹಿಡಿದು, ಕರಾವಳಿಯು ರಾಜಧಾನಿಗೆ ‘ಒಂದು ಗಂಟೆಯ ದೂರ’ದಲ್ಲಿದೆ ಎಂದು ಹೇಳುವುದು ರೂಢಿಯಾಗಿದೆ. ಅಂಕಿಗಳಲ್ಲಿ ತಪ್ಪಿಲ್ಲ, ತಪ್ಪಿರುವುದು ಅವುಗಳಿಂದ ಎಳೆದ ತೀರ್ಮಾನದಲ್ಲಿ. ಆ ಒಂದು ಗಂಟೆ ವಿಮಾನದ್ದು, ಪ್ರಯಾಣಿಕನದಲ್ಲ. ಗಡಿಯ ಈಚೆಗಿರುವ ಕಾಸರಗೋಡಿನ ವಿದ್ಯಾರ್ಥಿಯದಂತೂ ಖಂಡಿತ ಅಲ್ಲ.

ಮೊದಲು ಆ ಅಂಕಿಗಳು ಹೇಗೆ ಹುಟ್ಟುತ್ತವೆ ಎಂಬುದನ್ನು ನೋಡಬೇಕು. ಭೂಮಿ ಗೋಳಾಕಾರವಾಗಿರುವುದರಿಂದ ಅದರ ಮೇಲಿನ ಎರಡು ಬಿಂದುಗಳ ನಡುವಣ ಅತಿ ಕಡಿಮೆ ದೂರವು ಒಂದು ಮಹಾವೃತ್ತದ ತುಣುಕಾಗಿರುತ್ತದೆ. ಎರಡು ನಿಲ್ದಾಣಗಳ ಅಕ್ಷಾಂಶ ರೇಖಾಂಶಗಳು ತಿಳಿದಿದ್ದರೆ ತ್ರಿಕೋಣಮಿತಿಯ ಒಂದು ಸೂತ್ರದಿಂದ ಅದನ್ನು ಯಾರೂ ಲೆಕ್ಕ ಹಾಕಬಹುದು. ನಡುವೆ ಬೆಟ್ಟವಿದೆಯೇ, ಹೊಳೆಯಿದೆಯೇ, ಗಡಿಯಿದೆಯೇ ಎಂದು ಆ ಸೂತ್ರ ಕೇಳುವುದಿಲ್ಲ. ಆದರೆ ವಿಮಾನವೂ ಆ ಗೆರೆಯ ಮೇಲೆಯೇ ಹಾರುವುದಿಲ್ಲ. ಅದು ಗಾಳಿಗೆ ಎದುರಾಗಿ ಮೇಲೇರಬೇಕು, ನಿಗದಿಪಡಿಸಿದ ವಾಯುಮಾರ್ಗವನ್ನು ಹಿಡಿಯಬೇಕು, ಮುಂಗಾರಿನ ದಟ್ಟ ಮೋಡಗಳನ್ನು ಬಳಸಿ ಹೋಗಬೇಕು, ಇಳಿಯುವ ಸರದಿಗಾಗಿ ಕೆಲವೊಮ್ಮೆ ಆಕಾಶದಲ್ಲಿಯೇ ಸುತ್ತಬೇಕು. ಗಂಟೆಗೆ 800 ಕಿಲೋಮೀಟರ್ ವೇಗ ಮುಟ್ಟಬಲ್ಲ ಜೆಟ್ ವಿಮಾನಕ್ಕೆ 306 ಕಿಲೋಮೀಟರ್ ದಾಟಲು ಬರಿಯ ಭಾಗಾಕಾರದ ಪ್ರಕಾರ 23 ನಿಮಿಷ ಸಾಕು. ಆದರೂ ವೇಳಾಪಟ್ಟಿ ಒಂದು ಗಂಟೆ ಎನ್ನುತ್ತದೆ. ಏಕೆಂದರೆ ಅದು ಎಣಿಸುವುದು ವಿಮಾನವು ನಿಂತ ಜಾಗದಿಂದ ಕದಲಿದ ಕ್ಷಣದಿಂದ ಇನ್ನೊಂದು ಊರಿನಲ್ಲಿ ಬಂದು ನಿಲ್ಲುವ ಕ್ಷಣದವರೆಗಿನ ಹೊತ್ತನ್ನು. ಓಡುದಾರಿಯವರೆಗಿನ ತೆವಳಿಕೆ, ಏರಿಕೆ, ಇಳಿಕೆ, ಕಾಯುವಿಕೆ ಎಲ್ಲವೂ ಅದರಲ್ಲಿ ಸೇರಿವೆ. ಅಂದರೆ ವಿಮಾನಗಳನ್ನು ನಡೆಸುವವರೇ ನೇರ ಗೆರೆಯನ್ನು ನಂಬಿ ವೇಳಾಪಟ್ಟಿ ಬರೆಯುವುದಿಲ್ಲ. ತಮ್ಮ ಯಂತ್ರಕ್ಕೆ ನಿಜವಾಗಿ ತಗಲುವ ಹೊತ್ತನ್ನು ಬರೆಯುತ್ತಾರೆ. ಯಂತ್ರಕ್ಕೆ ಸಲ್ಲುವ ಈ ನ್ಯಾಯವು ಮನುಷ್ಯನಿಗೂ ಸಲ್ಲಬೇಕಲ್ಲವೆ?

ಈ ನ್ಯಾಯ ಕನ್ನಡಕ್ಕೆ ಹೊಸದಲ್ಲ. ಮೈಲಿಕಲ್ಲುಗಳು ಬರುವ ಮೊದಲು ಈ ನುಡಿಯು ದೂರವನ್ನು ಅಳೆದದ್ದು ದೇಹದಿಂದ ಮತ್ತು ದನಿಯಿಂದ. ಗೇಣು, ಮೊಳ, ಮಾರುಗಳು ಕೈಯ ಅಳತೆಗಳು. ಅಡಿಯು ಪಾದದ ಅಳತೆ. ಒಬ್ಬರ ಕೂಗು ಇನ್ನೊಬ್ಬರಿಗೆ ಕೇಳುವಷ್ಟು ಅಂತರಕ್ಕೆ ‘ಕೂಗಳತೆ’ ಎಂಬ ಹೆಸರು ಇಂದಿಗೂ ಜೀವಂತವಾಗಿದೆ. ಸಂಸ್ಕೃತದ ‘ಕ್ರೋಶ’ವೂ ಕೂಗಿನಿಂದಲೇ ಬಂದ ಅಳತೆ, ‘ಆಕ್ರೋಶ’ದಲ್ಲಿ ಇರುವುದು ಅದೇ ಧಾತು. ಸುಮಾರು ಮೂರು ಮೈಲಿಗೆ ‘ಹರದಾರಿ’ ಎಂದರು. ಹಳಗನ್ನಡ ಕಾವ್ಯಗಳನ್ನು ಓದುವ ವಿದ್ಯಾರ್ಥಿಗಳಿಗೆ ‘ಗಾವುದ’ ಪರಿಚಿತ. ‘ಗವ್ಯೂತಿ’ಯ ತದ್ಭವವಾದ ಆ ಮಾತಿನೊಳಗೆ ಒಂದು ಹಸು ಇದೆ, ಅದು ಮೇಯುವ ಬಯಲಿದೆ. ಹಳ್ಳಿಯ ಹಿರಿಯರು ದಾರಿ ಹೇಳುವಾಗ ‘ಎರಡು ಗುಡ್ಡ ದಾಟಿದರೆ ಸಿಗುತ್ತದೆ’ ಎಂದೋ ‘ಹೊತ್ತು ಮುಳುಗುವುದರೊಳಗೆ ಮುಟ್ಟಬಹುದು’ ಎಂದೋ ಹೇಳುತ್ತಾರೆ. ಈ ಅಳತೆಗಳು ನಿಖರವಾಗಿರಲಿಲ್ಲ. ಸೀಮೆಯಿಂದ ಸೀಮೆಗೆ ಬದಲಾಗುತ್ತಿದ್ದವು. ಆದರೂ ಅವುಗಳಲ್ಲಿ ಒಂದು ಪ್ರಾಮಾಣಿಕತೆ ಇತ್ತು. ನಡೆಯುವವನನ್ನು ಬಿಟ್ಟು ಅವು ದಾರಿಯನ್ನು ಅಳೆಯುತ್ತಿರಲಿಲ್ಲ.

ಅದೇ ಪ್ರಾಮಾಣಿಕತೆಯಿಂದ ಇಂದಿನ ಒಂದು ಪ್ರಯಾಣವನ್ನು ಅಳೆದು ನೋಡಬಹುದು. ಕಾಸರಗೋಡಿನ ಬಸ್ ನಿಲ್ದಾಣದಿಂದ ಬೆಂಗಳೂರಿನ ಜ್ಞಾನಭಾರತಿಗೆ ಒಬ್ಬ ವಿದ್ಯಾರ್ಥಿನಿ ಹೋಗಬೇಕಾಗಿದೆ ಎಂದಿಟ್ಟುಕೊಳ್ಳೋಣ; ವಿಚಾರಸಂಕಿರಣವೋ ಸಂದರ್ಶನವೋ ಇರಬಹುದು. ವಿಮಾನದಲ್ಲಿಯೇ ಹೋಗುವಷ್ಟು ಹಣ ಅವಳಿಗೆ ಹೇಗೋ ಒದಗಿದೆ. ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು 50 ಕಿಲೋಮೀಟರ್. ಬಸ್ಸಿನಲ್ಲಿ ಒಂದೂವರೆ ಗಂಟೆ. ಅಲ್ಲಿಂದ ಬಜ್ಪೆಯ ಗುಡ್ಡದ ಮೇಲಿನ ನಿಲ್ದಾಣಕ್ಕೆ ಮುಕ್ಕಾಲು ಗಂಟೆ. ಹೊರಡುವ ವೇಳೆಗಿಂತ ಮೊದಲೇ ತಲುಪಿ, ತಪಾಸಣೆ ಮುಗಿಸಿ, ಕಾದು ಕುಳಿತುಕೊಳ್ಳಲು ಒಂದೂವರೆ ಗಂಟೆ. ಹಾರಾಟಕ್ಕೆ 65 ನಿಮಿಷ. ಇಳಿದು, ಸಾಮಾನು ಪಡೆದು, ಹೊರಬರಲು ಅರ್ಧ ಗಂಟೆ. ದೇವನಹಳ್ಳಿಯಿಂದ ಮೆಜೆಸ್ಟಿಕ್ಕಿಗೆ ಬಸ್ಸಿನಲ್ಲಿ ಒಂದೂವರೆ ಗಂಟೆ. ಅಲ್ಲಿಂದ ಜ್ಞಾನಭಾರತಿಗೆ ಮುಕ್ಕಾಲು ಗಂಟೆ. ಕೂಡಿದರೆ 455 ನಿಮಿಷ, ಅಂದರೆ ಏಳು ಗಂಟೆ ಮೂವತ್ತೈದು ನಿಮಿಷ. ಇದು ಸಾಧಾರಣ ದಿನದ ಅಂದಾಜು. ಮಳೆಯಿಲ್ಲ, ವಿಮಾನ ತಡವಾಗಿಲ್ಲ, ಹೆದ್ದಾರಿಯಲ್ಲಿ ವಾಹನಗಳು ಸಾಲುಗಟ್ಟಿಲ್ಲ. ಈ ಒಟ್ಟು ಹೊತ್ತಿನಲ್ಲಿ ಹಾರಾಟದ ಪಾಲು ಏಳರಲ್ಲಿ ಒಂದು. ಉಳಿದ ಆರು ಪಾಲು ನೆಲದ ಮೇಲಿನದು. ಅವಳ ಮನೆ ಕಾಸರಗೋಡು ಪೇಟೆಯಲ್ಲಿರದೆ ಮುಳ್ಳೇರಿಯದ ಆಚೆಗೋ ದೇಲಂಪಾಡಿಯ ಕಡೆಗೋ ಇದ್ದರೆ, ಪೇಟೆಗೆ ಬರುವ ಬಸ್ಸಿಗಾಗಿ ಕಾಯುವ ಹೊತ್ತನ್ನೂ ಸೇರಿಸಬೇಕು. ಇದೇ ಪಯಣವನ್ನು ರಾತ್ರಿ ಬಸ್ಸು ಒಂಬತ್ತು ಹತ್ತು ಗಂಟೆಗಳಲ್ಲಿ ಮುಗಿಸುತ್ತದೆ. ಹಾಗಾದರೆ ವಿಮಾನವು ಅವಳಿಗೆ ಉಳಿಸಿಕೊಟ್ಟದ್ದು ಸುಮಾರು ಒಂದೂವರೆಯಿಂದ ಎರಡೂವರೆ ಗಂಟೆ ಮಾತ್ರ.

ನೆಲದ ಮೇಲಿನ ಆ ಆರು ಪಾಲನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ ಎನ್ನುವುದಕ್ಕೆ ಬೆಂಗಳೂರೇ ಒಳ್ಳೆಯ ನಿದರ್ಶನ. 2008ರ ಮೇ ತಿಂಗಳವರೆಗೆ ಅಲ್ಲಿನ ನಾಗರಿಕ ವಿಮಾನಗಳು ಇಳಿಯುತ್ತಿದ್ದುದು ನಗರದೊಳಗಿನ ಎಚ್‌ಎಎಲ್ ನಿಲ್ದಾಣದಲ್ಲಿ. ಅದಾದ ಮೇಲೆ ಸಂಚಾರವು ದೇವನಹಳ್ಳಿಯ ಹೊಸ ನಿಲ್ದಾಣಕ್ಕೆ ಸರಿಯಿತು. ಬೆಳೆಯುತ್ತಿರುವ ನಗರಕ್ಕೆ ದೊಡ್ಡ ನಿಲ್ದಾಣ ಅಗತ್ಯವಾಗಿತ್ತು ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಗಮನಿಸಬೇಕಾದುದು ಇದು: ಮಂಗಳೂರು–ಬೆಂಗಳೂರು ನಡುವಣ ವೈಮಾನಿಕ ದೂರದ ಕೋಷ್ಟಕ ಆ ದಿನ ಹೆಚ್ಚೇನೂ ಬದಲಾಗಲಿಲ್ಲ, ಹಾರಾಟದ ಅವಧಿಯೂ ಬದಲಾಗಲಿಲ್ಲ, ಆದರೂ ನಗರದ ನಡುವಿಗೆ ಹೋಗಬೇಕಾದವರ ಪ್ರಯಾಣ ಮಾತ್ರ ಒಮ್ಮೆಲೇ ಹತ್ತಾರು ಕಿಲೋಮೀಟರ್ ಹೆಚ್ಚಾಯಿತು. ಕೋಷ್ಟಕದಲ್ಲಿ ಕಾಣದ ಒಂದು ದೂರ ಜನರ ದಿನದೊಳಕ್ಕೆ ಹೀಗೆ ಸೇರಿಕೊಂಡಿತು.

ರೈಲಿನ ಕಥೆ ಇದಕ್ಕೆ ವಿರುದ್ಧವಾದುದು. ಅಲ್ಲಿ ದೂರ ಎಲ್ಲರ ಕಣ್ಣಿಗೂ ಕಾಣುತ್ತದೆ. ಹಾಸನ–ಮಂಗಳೂರು ಮಾರ್ಗದಲ್ಲಿ ಸಕಲೇಶಪುರಕ್ಕೂ ಸುಬ್ರಹ್ಮಣ್ಯ ರೋಡ್ ನಿಲ್ದಾಣಕ್ಕೂ ನಡುವೆ ಇರುವುದು ಸುಮಾರು 55 ಕಿಲೋಮೀಟರ್. ಅಷ್ಟರಲ್ಲಿ 57 ಸುರಂಗಗಳು, ನೂರಕ್ಕೂ ಹೆಚ್ಚು ಸೇತುವೆಗಳು. ಐವತ್ತು ಮೀಟರ್ ಮುಂದೆ ಸಾಗಿದರೆ ಒಂದು ಮೀಟರ್ ಏರುವಂತಹ ಕಡಿದು. ಅಲ್ಲಿ ಗಾಡಿಗಳು ಗಂಟೆಗೆ ಮೂವತ್ತು ಕಿಲೋಮೀಟರ್ ವೇಗವನ್ನು ಮೀರುವಂತಿಲ್ಲವಾದ್ದರಿಂದ ಆ ತುಂಡು ದಾರಿಗೇ ಎರಡು ಗಂಟೆಗೂ ಮಿಕ್ಕಿ ಬೇಕು. 1979ರಲ್ಲಿ ಮೀಟರ್ ಗೇಜ್ ಆಗಿ ತೆರೆದ ಈ ಮಾರ್ಗವನ್ನು ಬ್ರಾಡ್ ಗೇಜ್‌ಗೆ ಪರಿವರ್ತಿಸುವ ಸಲುವಾಗಿ ಪ್ರಯಾಣಿಕರ ಗಾಡಿಗಳು ವರ್ಷಗಟ್ಟಲೆ ನಿಂತಿದ್ದವು. ಮತ್ತೆ ಓಡತೊಡಗಿದ್ದು 2007ರ ಕೊನೆಯಲ್ಲಿ. 2018ರ ಆಗಸ್ಟ್ ಮಳೆಯಲ್ಲಿ ಗುಡ್ಡಗಳು ಕುಸಿದಾಗ ಈ ರೈಲುಮಾರ್ಗವೂ ಶಿರಾಡಿ ಘಾಟಿಯ ರಸ್ತೆಯೂ ವಾರಗಟ್ಟಲೆ ಮುಚ್ಚಿದ್ದವು. ವಿಮಾನದ ಕಿಟಕಿಯಿಂದ ಹಸುರು ಕಂಬಳಿಯಂತೆ ಕಾಣುವ ಘಟ್ಟವು ನೆಲದ ಮೇಲೆ ಹೋಗುವವರಿಗೆ ಇಂದಿಗೂ ಘಟ್ಟವೇ. ‘ಒಂದು ಗಂಟೆಯ ದೂರ’ ಎಂಬ ಮಾತು ರೂಢಿಯಾದ ಮೇಲೆ ಈ ಘಟ್ಟದ ನೆನಪು ಮಾಸತೊಡಗುತ್ತದೆ. ಅವಸರವಿದ್ದವರು ಹಾರಿ ಹೋಗುತ್ತಾರೆ, ಉಳಿದವರು ಕಾಯಬಲ್ಲರು ಎಂಬ ಭಾವನೆ ಬೆಳೆದರೆ ರೈಲಿನ ವೇಗಕ್ಕಾಗಿ, ರಸ್ತೆಯ ಸುರಕ್ಷಿತತೆಗಾಗಿ ಒತ್ತಾಯಿಸುವ ದನಿಯೂ ಕುಗ್ಗುತ್ತದೆ.

ವಿಮಾನಯಾನವು ಉಳ್ಳವರ ಸೊತ್ತಾಗಿ ಉಳಿದಿಲ್ಲ, ಅದು ಜನಸಾಮಾನ್ಯರ ಬಳಿಗೂ ಬಂದಿದೆ ಎಂಬ ಆಕ್ಷೇಪ ಇಲ್ಲಿ ಬರಬಹುದು. ಅದರಲ್ಲಿ ಹುರುಳಿದೆ. 2017ರ ಏಪ್ರಿಲ್‌ನಲ್ಲಿ ಹಾರಾಟ ಆರಂಭಿಸಿದ ‘ಉಡಾನ್’ ಯೋಜನೆಯು ಸುಮಾರು ಒಂದು ಗಂಟೆಯ, 500 ಕಿಲೋಮೀಟರಿನ ಹಾರಾಟದಲ್ಲಿ ಒಂದು ಪಾಲು ಆಸನಗಳಿಗೆ 2,500 ರೂಪಾಯಿಯ ಮಿತಿಯನ್ನು ಹಾಕಿತು. 2019ರಲ್ಲಿ ಕಲಬುರಗಿಯಲ್ಲಿ, 2020ರಲ್ಲಿ ಬೀದರ್‌ನಲ್ಲಿ ನಾಗರಿಕ ವಿಮಾನಗಳು ಇಳಿದಾಗ ಅಲ್ಲಿನ ಜನ ಸಂಭ್ರಮಿಸಿದ್ದು ಸಹಜವೇ ಆಗಿತ್ತು. ತುರ್ತು ಚಿಕಿತ್ಸೆಗೆ ಹೋಗುವ ರೋಗಿಗೆ, ಸಾವಿನ ಸುದ್ದಿ ಕೇಳಿ ಧಾವಿಸುವ ಮಗನಿಗೆ ಉಳಿದ ಒಂದೊಂದು ಗಂಟೆಯೂ ದೊಡ್ಡದು. ಆದ್ದರಿಂದ ವಿಮಾನ ಬೇಡ ಎಂಬುದು ಇಲ್ಲಿನ ವಾದವಲ್ಲ. ಟಿಕೇಟಿನ ಬೆಲೆ ಹಬ್ಬದ ದಿನ ಒಂದು, ಮರುವಾರ ಇನ್ನೊಂದು ಎಂಬಂತಿರುವಾಗ, ವಿದ್ಯಾರ್ಥಿಯ ಮನೆಯವರು ಅದನ್ನು ದಾರಿಯೆಂದು ಎಣಿಸುವುದಿಲ್ಲ; ಕಷ್ಟಕ್ಕೆ ಒದಗುವ ಸಾಲದಂತೆ ನೋಡುತ್ತಾರೆ. ಎಲ್ಲರೂ ದಿನನಿತ್ಯ ನಡೆಯಬಲ್ಲುದು ಮಾತ್ರ ದಾರಿ. ಕೆಲವರು ಕೆಲವೊಮ್ಮೆ ಬಳಸುವ ಸೌಕರ್ಯವನ್ನು ಎಲ್ಲರ ದೂರದ ಅಳತೆಗೋಲಾಗಿ ಮಾಡಬಾರದು ಎಂಬುದಷ್ಟೇ ವಾದ.

ಕಾಸರಗೋಡಿನವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ದೂರ ಮತ್ತು ಹೊತ್ತುಗಳ ವಿಚಿತ್ರ ಸಂಬಂಧವನ್ನು ಅವರು ಗಲ್ಫಿನಿಂದ ಕಲಿತಿದ್ದಾರೆ. ಮಂಗಳೂರಿನಿಂದ ದುಬೈಗೆ ನೇರ ದೂರ ಸುಮಾರು 2,460 ಕಿಲೋಮೀಟರ್. ಹಾರಾಟದ ಅವಧಿ ಸುಮಾರು ನಾಲ್ಕು ಗಂಟೆ. ಕಾಸರಗೋಡಿನಿಂದ ಸ್ವಂತ ರಾಜ್ಯದ ರಾಜಧಾನಿಯಾದ ತಿರುವನಂತಪುರಕ್ಕೆ, 2023ರಲ್ಲಿ ಆರಂಭವಾದ ವೇಗದ ವಂದೇ ಭಾರತ್ ರೈಲಿನಲ್ಲಿಯೂ ಸುಮಾರು ಎಂಟು ಗಂಟೆ. ಗಡಿಯಾರವನ್ನು ನಂಬಿದರೆ ತಿರುವನಂತಪುರಕ್ಕಿಂತ ದುಬೈ ಹತ್ತಿರ. ಆದರೆ ತಿರುವನಂತಪುರಕ್ಕೆ ಹೋದವನು ಎರಡು ದಿನಗಳಲ್ಲಿ ಮರಳುತ್ತಾನೆ. ದುಬೈಗೆ ಹೋದವನು ರಜೆ ದೊರೆತಾಗ, ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಮರಳುತ್ತಾನೆ. ಮಗುವಿನ ಮೊದಲ ಹೆಜ್ಜೆಯನ್ನು ಫೋನಿನಲ್ಲಿ ನೋಡಿದ ತಂದೆಗೆ ನಾಲ್ಕು ಗಂಟೆಯ ದೂರ ಎಂಬ ಲೆಕ್ಕದಿಂದ ಸಮಾಧಾನವಾಗುವುದಿಲ್ಲ. ಆ ದೂರವನ್ನು ಅಳೆಯುವುದು ರಜೆ, ವೀಸಾ ಮತ್ತು ಸಾಲ. 2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಬಂದ ವಿಮಾನ ಬಜ್ಪೆಯ ರನ್‌ವೇಯನ್ನು ದಾಟಿ ಕಣಿವೆಗೆ ಉರುಳಿ 158 ಜನ ತೀರಿಕೊಂಡಾಗ, ಅವರಲ್ಲಿ ಅನೇಕರು ದಕ್ಷಿಣ ಕನ್ನಡ ಮತ್ತು ಕಾಸರಗೋಡಿನ ಮನೆಗಳಿಗೆ ಮರಳುತ್ತಿದ್ದವರು. ಮನೆಗೆ ಇನ್ನು ಉಳಿದದ್ದು ಒಂದೆರಡು ಗಂಟೆಯ ದಾರಿ ಮಾತ್ರ ಎಂದು ಎಣಿಸಿದ್ದ ಆ ಕುಟುಂಬಗಳ ಮುಂದೆ ದೂರದ ಯಾವ ಕೋಷ್ಟಕವೂ ಮಾತಾಡಲಾರದು.

ಹತ್ತಿರವೆಂದು ನಂಬಿದ ದಾರಿಯೂ ಒಂದೇ ದಿನದಲ್ಲಿ ದೂರವಾಗಬಲ್ಲದು. 2020ರ ಮಾರ್ಚ್ ಕೊನೆಯಲ್ಲಿ ಸಾಂಕ್ರಾಮಿಕದ ಭೀತಿಯಿಂದ ಗಡಿ ಮುಚ್ಚಿದಾಗ, ಚಿಕಿತ್ಸೆಗಾಗಿ ಹಿಂದಿನಿಂದಲೂ ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳು ತಲಪಾಡಿಯಲ್ಲಿ ನಿಲ್ಲಬೇಕಾಯಿತು. ವಿಷಯ ಕೇರಳ ಹೈಕೋರ್ಟಿಗೆ, ಬಳಿಕ ಸುಪ್ರೀಂ ಕೋರ್ಟಿಗೆ ಹೋಯಿತು. ಭೂಪಟದಲ್ಲಿ ಅದೇ ಐವತ್ತು ಕಿಲೋಮೀಟರ್ ಇತ್ತು. ಆಂಬುಲೆನ್ಸಿಗೆ ಅದು ದಾಟಲಾರದ ದೂರವಾಗಿತ್ತು. ಗಡಿನಾಡಿನ ಬೇರೆ ಕಡೆಗಳಲ್ಲಿ ಈ ಅನುಭವ ಇಷ್ಟು ತೀವ್ರವಾಗಿ ಅಲ್ಲದಿದ್ದರೂ ಇದೆ. ಹೊಸೂರು ಬೆಂಗಳೂರಿಗೆ ಸುಮಾರು ನಲವತ್ತು ಕಿಲೋಮೀಟರ್. ಅಕ್ಕಲಕೋಟೆಯು ಕಲಬುರಗಿಗೆ ನೂರು ಕಿಲೋಮೀಟರಿನೊಳಗೆ. ಅಷ್ಟು ಹತ್ತಿರವಿದ್ದರೂ ಕನ್ನಡ ಶಾಲೆಗೆ ಒಬ್ಬ ಅಧ್ಯಾಪಕ, ತರಗತಿಗೆ ಒಂದು ಪಠ್ಯಪುಸ್ತಕ ಬೇಕಾದರೆ ಹೋಗಬೇಕಾದ ದಾರಿ ಇನ್ನೊಂದು ರಾಜಧಾನಿಯ ಕಚೇರಿಗಳ ಮೂಲಕ. ನೆಲದ ಮೇಲೆ ಹತ್ತಿರ, ಕಡತದಲ್ಲಿ ದೂರ.

ಇಷ್ಟೆಲ್ಲ ಹೇಳಿದ್ದರ ತಾತ್ಪರ್ಯ ಇಲ್ಲಿದೆ. ಗಣಿತದ ದೃಷ್ಟಿಯಲ್ಲಿ ದೂರವು ಸಮಾನವಾದುದು: ಬೆಂಗಳೂರಿನಿಂದ ಕಾಸರಗೋಡಿಗೆ ಎಷ್ಟೋ ಕಾಸರಗೋಡಿನಿಂದ ಬೆಂಗಳೂರಿಗೂ ಅಷ್ಟೇ. ವ್ಯವಹಾರದಲ್ಲಿ ಪ್ರಯಾಣವು ಸಮಾನವಾದುದಲ್ಲ. ಯಾವಾಗಲೂ ಒಂದೇ ಬದಿಯವರು ಹೊರಡುತ್ತಾರೆ, ಯಾವಾಗಲೂ ಒಂದೇ ಬದಿಯವರು ಕಾಯುತ್ತಾರೆ. ರಾಜ್ಯಮಟ್ಟದ ಕಮ್ಮಟ ಬೆಂಗಳೂರಿನಲ್ಲಿ, ಪುಸ್ತಕ ಬಿಡುಗಡೆ ಬೆಂಗಳೂರಿನಲ್ಲಿ, ಸಂದರ್ಶನ ಬೆಂಗಳೂರಿನಲ್ಲಿ. ಸಮಯ ಬೆಳಿಗ್ಗೆ ಹತ್ತು ಗಂಟೆ. ಆಮಂತ್ರಣ ಪತ್ರಿಕೆಯಲ್ಲಿ ‘ಗಡಿನಾಡ ವಿದ್ಯಾರ್ಥಿಗಳಿಗೆ ವಿಶೇಷ ಸ್ವಾಗತ’ ಎಂದಿರುತ್ತದೆ. ಆ ಹತ್ತು ಗಂಟೆಗೆ ಹಾಜರಿರಬೇಕಾದರೆ ಮುಳ್ಳೇರಿಯದ ಕಡೆಯ ವಿದ್ಯಾರ್ಥಿನಿ ಹಿಂದಿನ ಸಂಜೆಯೇ ಮನೆ ಬಿಡಬೇಕು, ರಾತ್ರಿ ಬಸ್ಸಿನಲ್ಲಿ ಒಬ್ಬಳೇ ಹೋಗಲು ಮನೆಯವರನ್ನು ಒಪ್ಪಿಸಬೇಕು, ನಸುಕಿನಲ್ಲಿ ಇಳಿದು ಮುಖ ತೊಳೆಯಲು ಒಂದು ತಾವು ಹುಡುಕಬೇಕು, ಸಂಜೆ ಮತ್ತೆ ಅದೇ ಬಸ್ಸು ಹಿಡಿಯಬೇಕು. ಎರಡು ರಾತ್ರಿ, ಒಂದು ಹಗಲು. ಅದೇ ಸಭೆಗೆ ನಗರದ ವಿದ್ಯಾರ್ಥಿ ಬೆಳಗಿನ ತಿಂಡಿ ಮುಗಿಸಿ ಬರುತ್ತಾನೆ. ಅವಳು ಬಾರದಿದ್ದರೆ ‘ಗಡಿನಾಡಿನವರಲ್ಲಿ ಆಸಕ್ತಿ ಕಡಿಮೆ’ ಎಂಬ ಮಾತು ಕೇಳಿಬರುತ್ತದೆ. ಆಸಕ್ತಿಯ ಕೊರತೆಯೆಂದು ಬರೆದುಕೊಂಡದ್ದು ವಾಸ್ತವವಾಗಿ ಹೊತ್ತಿನ ಕೊರತೆ, ಹಣದ ಕೊರತೆ, ಒಂದು ಸುರಕ್ಷಿತ ರಾತ್ರಿಯ ಕೊರತೆ.

ಇದು ಹಿಂದಿನಿಂದಲೂ ಹೀಗೆಯೇ ಇತ್ತೆಂದು ಹೇಳುವಂತಿಲ್ಲ. ಮಂಜೇಶ್ವರದ ಗೋವಿಂದ ಪೈಗಳು ವಿಮಾನ ನಿಲ್ದಾಣ ಸಮೀಪದಲ್ಲಿ ಇಲ್ಲದ ಕಾಲದಲ್ಲಿ ಬೆಳೆದು ಬರೆದವರು. ಬಜ್ಪೆಯಲ್ಲಿ ನಿಲ್ದಾಣ ಆರಂಭವಾದದ್ದು 1951ರ ಡಿಸೆಂಬರ್‌ನಲ್ಲಿ. ಅದಕ್ಕೆ ಎರಡು ವರ್ಷ ಮೊದಲೇ, 1949ರಲ್ಲಿ, ಅಂದಿನ ಮದರಾಸು ಸರಕಾರ ಅವರನ್ನು ರಾಷ್ಟ್ರಕವಿಯೆಂದು ಗೌರವಿಸಿತ್ತು. ಕಡಲಕರೆಯ ಒಂದು ಸಣ್ಣ ಊರಿನಲ್ಲಿ ಕುಳಿತು ಅವರು ಕನ್ನಡ ಸಂಶೋಧನೆಯ ಚರ್ಚೆಗಳಲ್ಲಿ ಪಾಲ್ಗೊಂಡರು. ಲೇಖನಗಳು ಅಂಚೆಯಲ್ಲಿ ಹೋಗುತ್ತಿದ್ದವು, ಪತ್ರಿಕೆಗಳು ಅಂಚೆಯಲ್ಲಿ ಬರುತ್ತಿದ್ದವು. ಅಂಚೆಗೆ ಒಂದು ಗುಣವಿತ್ತು: ಅದು ಎರಡೂ ಕಡೆಗೆ ಒಂದೇ ವೇಗದಲ್ಲಿ, ಒಂದೇ ದರದಲ್ಲಿ ಸಾಗುತ್ತಿತ್ತು. ಮಂಜೇಶ್ವರವನ್ನು ಯಾರೂ ದೂರವೆಂದು ಬದಿಗಿಡಲಿಲ್ಲ. ವೇಗ ಕಡಿಮೆಯಿದ್ದ ಕಾಲದಲ್ಲಿ ದೂರವೂ ಕಡಿಮೆಯಿತ್ತು ಎಂಬುದು ಯೋಚಿಸತಕ್ಕ ಸಂಗತಿ.

ಹಾಗಾದರೆ ಮಾಡಬೇಕಾದುದೇನು? ಮೊದಲನೆಯದಾಗಿ, ಕನ್ನಡದ ಹೆಸರಿನಲ್ಲಿ ಕಾರ್ಯಕ್ರಮಗಳನ್ನು ನಡೆಸುವ ಸಂಸ್ಥೆಗಳು ದೂರವನ್ನು ವಿಮಾನದ ಗಂಟೆಯಿಂದ ಅಳೆಯುವುದನ್ನು ಬಿಟ್ಟು ಬಸ್ಸಿನ ರಾತ್ರಿಯಿಂದ ಅಳೆಯಬೇಕು. ಸಭೆಯನ್ನು ಮಧ್ಯಾಹ್ನ ಆರಂಭಿಸಿದರೆ ಯಾರಿಗೂ ನಷ್ಟವಿಲ್ಲ. ಬಂದವರಿಗೆ ಒಂದು ರಾತ್ರಿಯ ವಸತಿ ಏರ್ಪಡಿಸಿದರೆ ಹೊರಡಲು ಹಿಂಜರಿಯುವವರ ಧೈರ್ಯ ಹೆಚ್ಚುತ್ತದೆ. ಪ್ರಯಾಣವೆಚ್ಚವನ್ನು ತಿಂಗಳುಗಳ ಬಳಿಕ ಮರಳಿಸುವುದಕ್ಕಿಂತ ಮೊದಲೇ ಕೊಡುವುದು ವಿದ್ಯಾರ್ಥಿಗೆ ಹೆಚ್ಚು ಉಪಕಾರ. ಎರಡನೆಯದಾಗಿ, ಮೂರು ಸಲ ಗಡಿಯವರು ಕೇಂದ್ರಕ್ಕೆ ಹೋದರೆ ಒಂದು ಸಲವಾದರೂ ಕೇಂದ್ರವು ಗಡಿಗೆ ಬರಬೇಕು. ಒಬ್ಬ ವಿದ್ವಾಂಸರು ಕಾಸರಗೋಡಿಗೋ ಜತ್ತಕ್ಕೋ ತಾಳವಾಡಿಗೋ ಬಂದರೆ ಐವತ್ತು ವಿದ್ಯಾರ್ಥಿಗಳ ನೂರು ರಾತ್ರಿ ಉಳಿಯುತ್ತದೆ. ಇದು ಭಾವನೆಯ ಮಾತಲ್ಲ, ಕೂಡಿಸಿ ಕಳೆಯುವ ಲೆಕ್ಕ. ಆನ್‌ಲೈನ್ ಉಪನ್ಯಾಸಗಳು ಒಳ್ಳೆಯವು, ಆದರೆ ಚಹಾದ ಹೊತ್ತಿನಲ್ಲಿ ನಡೆಯುವ ಮಾತು, ಗ್ರಂಥಾಲಯದ ಕಪಾಟಿನ ಮುಂದೆ ಆಕಸ್ಮಿಕವಾಗಿ ಸಿಗುವ ಪುಸ್ತಕ ಪರದೆಯಲ್ಲಿ ಬರುವುದಿಲ್ಲ. ಮೂರನೆಯದಾಗಿ, ರೈಲು ಮತ್ತು ಬಸ್ಸುಗಳಿಗಾಗಿ ಕೇಳುವುದನ್ನು ಕರಾವಳಿಯವರೂ ಗಡಿನಾಡಿನವರೂ ನಿಲ್ಲಿಸಬಾರದು. ರಾತ್ರಿ ಬೆಂಗಳೂರಿನಿಂದ ಹೊರಟ ಕಣ್ಣೂರಿನ ಗಾಡಿ ಬೆಳಿಗ್ಗೆ ಕಾಸರಗೋಡಿನಲ್ಲಿ ನಿಲ್ಲುತ್ತದೆ. ಈ ಊರಿನ ಬಹುಪಾಲು ವಿದ್ಯಾರ್ಥಿಗಳ ಪಾಲಿಗೆ ಬೆಂಗಳೂರಿನ ದಾರಿಯೆಂದರೆ ಇಂತಹ ಗಾಡಿಗಳೇ.

ಇನ್ನೊಂದು ಹೊಣೆ ಕನ್ನಡವನ್ನು ಐಚ್ಛಿಕವಾಗಿ ಓದುವ ವಿದ್ಯಾರ್ಥಿಗಳದೇ. ಆಕಾಶದ ದಾರಿ ಸಾಹಿತ್ಯಕ್ಕೆ ಅಪರಿಚಿತವೇನಲ್ಲ. ಬೇಂದ್ರೆಯವರು ಕನ್ನಡಕ್ಕೆ ತಂದ ಕಾಳಿದಾಸನ ‘ಮೇಘದೂತ’ದಲ್ಲಿ ಯಕ್ಷನು ಮೋಡಕ್ಕೆ ಹೇಳುವುದು ನೇರ ಗೆರೆಯನ್ನಲ್ಲ. ಉತ್ತರಕ್ಕೆ ಹೊರಟ ನಿನಗೆ ಸುತ್ತಾದರೂ ಚಿಂತೆಯಿಲ್ಲ, ಉಜ್ಜಯಿನಿಯನ್ನು ನೋಡದೆ ಹೋಗಬೇಡ ಎನ್ನುತ್ತಾನೆ. ಲಂಕೆಯಿಂದ ಮರಳುವ ರಾಮನು ಪುಷ್ಪಕದಲ್ಲಿ ಕುಳಿತು ಸೀತೆಗೆ ಕೆಳಗಿನ ಒಂದೊಂದೇ ತಾಣವನ್ನು ತೋರಿಸುತ್ತಾನೆ: ಸೇತುವೆ ಕಟ್ಟಿದ್ದು ಇಲ್ಲಿ, ಸುಗ್ರೀವನ ಗೆಳೆತನವಾದದ್ದು ಇಲ್ಲಿ, ನಿನಗಾಗಿ ಅತ್ತದ್ದು ಇಲ್ಲಿ ಎಂದು. ಆ ಆಕಾಶಯಾನಗಳಲ್ಲಿ ನಡುವಿನ ನೆಲ ಅಳಿಸಿಹೋಗಲಿಲ್ಲ. ಎತ್ತರದಿಂದ ನೋಡಿದ್ದರಿಂದ ಇನ್ನಷ್ಟು ಸ್ಪಷ್ಟವಾಯಿತು. ಇಂದಿನ ಒಂದು ಗಂಟೆಯ ಲೆಕ್ಕ ಅಳಿಸುತ್ತಿರುವುದು ಅದೇ ನಡುವಿನ ನೆಲವನ್ನು. ಬಜ್ಪೆಗೂ ದೇವನಹಳ್ಳಿಗೂ ನಡುವೆ ಸಕಲೇಶಪುರವಿದೆ, ಹಾಸನವಿದೆ. ಬಜ್ಪೆಯ ಈಚೆಗೆ ತಲಪಾಡಿಯಿದೆ, ಮಂಜೇಶ್ವರವಿದೆ, ಬದಿಯಡ್ಕವಿದೆ, ಪಯಸ್ವಿನಿಯ ದಡದ ಊರುಗಳಿವೆ. ಕವಿರಾಜಮಾರ್ಗಕಾರನು ಕನ್ನಡ ನಾಡನ್ನು ಎರಡು ನದಿಗಳ ಹೆಸರು ಹೇಳಿ ಗುರುತಿಸಿದನೇ ಹೊರತು ಒಂದು ನಗರದಿಂದ ಇಷ್ಟು ದೂರವೆಂದು ಅಳೆಯಲಿಲ್ಲ. ಒಂದು ನಗರವನ್ನು ಕೇಂದ್ರವಾಗಿಟ್ಟು ಉಳಿದುದನ್ನೆಲ್ಲ ಅದರಿಂದ ದೂರವೆಂದು ಎಣಿಸುವುದು ಈ ನುಡಿಯ ಹಳೆಯ ಅಭ್ಯಾಸವಲ್ಲ.

ಆದ್ದರಿಂದ ‘ನಿಮ್ಮ ಊರು ಬಹಳ ದೂರ’ ಎಂಬ ಮಾತು ಎದುರಾದಾಗ ಗಡಿನಾಡಿನ ವಿದ್ಯಾರ್ಥಿಯು ತಲೆ ತಗ್ಗಿಸಬೇಕಾಗಿಲ್ಲ. ಯಾವುದರಿಂದ ದೂರ, ಯಾವ ಅಳತೆಯಲ್ಲಿ ದೂರ, ಈವರೆಗೆ ಆ ದೂರವನ್ನು ನಡೆದವರು ಯಾರು ಎಂದು ವಿನಯದಿಂದ ಕೇಳಿದರೆ ಸಾಕು. ವಿಮಾನವು ತನ್ನ ಒಂದು ಗಂಟೆಯನ್ನು ಕ್ರಮವಾಗಿ ಹಾರುತ್ತಿರಲಿ. ಉಳಿದ ಆರು ಪಾಲಿನ ಲೆಕ್ಕವನ್ನು ಕರೆಯುವವರೂ ಬರುವವರೂ ಹಂಚಿಕೊಂಡ ದಿನ, ಬೆಂಗಳೂರು ಮತ್ತು ಕಾಸರಗೋಡು ಒಂದಕ್ಕೊಂದು ಕೂಗಳತೆಗೆ ಬಂದಾವು.